ಎರಡೇ ಗುಂಡಿನ ಸದ್ದು

ನಿಕಾನೋರ್ ಗಾತಿಕಾನ ಹೆಣ ಸಿಕ್ಕಿದ್ದು ಮಂಗಳವಾರ ಮಧ್ಯಾಹ್ನ, ಕಾಲ್ದೆನ್ ಮರಗಳ ನಡುವೆ. ಎದೆಗೆ ಗುಂಡು ಬಿದ್ದಿತ್ತು. ಕೈಯಲ್ಲಿ ಕುದುರೆಯ ಹಗ್ಗ ಹಾಗೇ ಇತ್ತು. ಲಾ ಪಾಂಪಾದ ಆ ಎಸ್ಟೇಟಿನಲ್ಲಿ ಮೂವತ್ತು ವರ್ಷ ಬೇಟೆಗೆ ದಾರಿ ತೋರಿಸಿದವನು, ಅಂದು ತನ್ನ ರಜೆಯ ದಿನ, ತಪ್ಪಿಸಿಕೊಂಡ ಕುದುರೆಯನ್ನು ಹುಡುಕುತ್ತ ಹೋಗಿದ್ದ.

ದಫೇದಾರ ಫಿದೆಲ್ ಉರೂತಿಯಾನಿಗೆ ಅನುಮಾನವೇ ಇರಲಿಲ್ಲ. ನಿಕಾನೋರ್‌ನ ಬಾಮೈದ ಲಿಸಾಂದ್ರೊ ಎರಡು ದಿನದ ಹಿಂದೆಯಷ್ಟೇ ಅವನ ಕೊರಳಪಟ್ಟಿ ಹಿಡಿದು ಜಗಳವಾಡಿದ್ದ. ಅಂದು ಬೆಳಿಗ್ಗೆ ಬಂದೂಕು ಹಿಡಿದು ಕಾಡಿನಲ್ಲೇ ಇದ್ದ. ಫಿದೆಲ್ ಅವನನ್ನು ಲಾಕಪ್ಪಿಗೆ ಹಾಕಿ, ಎಂದಿನಂತೆ ಪಶುವೈದ್ಯೆ ಎರ್ಮೆಲಿಂದಾ ರೋತ್ ಬಳಿ ಬಂದ. ಊರಿನ ಬಿಡಿಸಲಾಗದ ಗಂಟುಗಳನ್ನೆಲ್ಲ ಬಿಡಿಸುತ್ತಿದ್ದವಳು ಅವಳೇ. ಹನ್ನೆರಡು ವರ್ಷದಿಂದ ಅವಳ ಚೀಲ ಹೊತ್ತು ಬೈಸಿಕೊಳ್ಳುವ ಕೆಲಸ ಫಿದೆಲ್‌ನದು.

"ಸದ್ದು ಎಷ್ಟು ಕೇಳಿಸ್ತಂತೆ?"

"ಎರಡು, ಡಾಕ್ಟ್ರೇ. ನಿಕಾನೋರ್ ಹೆಂಡತಿ ಸುಲೇಮಾ ಹೇಳಿದ್ದು. ಒಂದು ಎಸ್ಟೇಟಿನ ಯಜಮಾನ್ರದು. ದೋನ್ ಅನ್ಸೆಲ್ಮೊ ಅಟ್ಟಣೆ ಮೇಲಿಂದ ಸಾರಂಗಕ್ಕೆ ಹೊಡೆದ್ರಂತೆ, ಗುರಿ ತಪ್ಪಿತಂತೆ. ಇನ್ನೊಂದು ಲಿಸಾಂದ್ರೊಂದು. ಕಾಡುಹಂದಿಗೆ ಹೊಡೆದೆ ಅಂತಾನೆ."

ಹೆಣದಿಂದ ತೆಗೆದ ಗುಂಡನ್ನು ಅವನು ಮೇಜಿನ ಮೇಲಿಟ್ಟ. ತಾಮ್ರದ್ದು, ನಾಲ್ಕು ದಳ ಬಿಚ್ಚಿಕೊಂಡ ಹೂವಿನಂತಿತ್ತು.

"ಲಿಸಾಂದ್ರೊ ಸೀಸದ ಗುಂಡು ಬಳಸೋನಲ್ವೇನಯ್ಯ?"

"ಯಜಮಾನ್ರ ಪೆಟ್ಟಿಗೆಯಿಂದ ಕದ್ದಿರಬಹುದು. ಎರಡೂ ಬಂದೂಕಿಗೆ ಅದೇ ಗುಂಡು ಕೂರುತ್ತೆ."

"ಗುಂಡು ಒಳಗೆ ಹೋದ ಗಾಯ ಹೇಗಿತ್ತು?"

"ಹೆಬ್ಬೆರಳು ಹೋಗೋಷ್ಟು, ಹರಕಲು. ಅದಕ್ಕೆ ಒಂದಿಷ್ಟು ಕೂದಲು ಅಂಟಿತ್ತು, ಅವನು ಹೊದ್ದಿದ್ದ ಪೋಂಚೊ ಕಂಬಳಿಯ ಉಣ್ಣೆ."

ಅವನು ತಂದಿದ್ದ ಪೊಟ್ಟಣದಿಂದ ಎರ್ಮೆಲಿಂದಾ ಒಂದು ಕೂದಲನ್ನು ತೆಗೆದು ಬಾಗಿಸಿದಳು. ಅದು ಒಣಹುಲ್ಲಿನಂತೆ ಪಟಕ್ಕನೆ ಮುರಿಯಿತು. ಅವಳು ಟೋಪಿ ಹಾಕಿಕೊಂಡಳು.

ಮೊದಲು ಲಿಸಾಂದ್ರೊನ ಹಂದಿಯನ್ನು ನೋಡಿದರು. ಅದರ ಚರ್ಮದಲ್ಲಿದ್ದದ್ದು ಒಂದೇ ತೂತು. ಎದೆಗೂಡಿನ ತುಂಬ ಸೀಸದ ಚೂರು. ಮರುದಿನ ಕಾಡಿಗೆ ಹೋದರು. ಹದ್ದುಗಳು ಸುತ್ತುತ್ತಿದ್ದ ಕಡೆ ಒಂದು ಗಂಡು ಸಾರಂಗ ಸತ್ತು ಬಿದ್ದಿತ್ತು. ಒಂದು ಪಕ್ಕೆಯಲ್ಲಿ ಕಡಲೆಯಷ್ಟು ತೂತು, ಇನ್ನೊಂದರಲ್ಲಿ ಅಗಲವಾದ ಗಾಯ. ಅದರ ರಕ್ತದ ಜಾಡು ಹಿಡಿದು ಹಿಂದಕ್ಕೆ ನಡೆದಾಗ ಅಟ್ಟಣೆಯಿಂದ ನೂರು ಹೆಜ್ಜೆಯ ಪೊದೆಯೊಂದು ಸಿಕ್ಕಿತು. ಎಲೆಗಳ ಮೇಲೆ ರಕ್ತ ಚಿಮ್ಮಿ ಒಣಗಿತ್ತು. ಅಟ್ಟಣೆಯಿಂದ ಅದೇ ನೇರಕ್ಕೆ, ಇಳಿಜಾರಿನಲ್ಲಿ ಅರವತ್ತು ಹೆಜ್ಜೆ ಮುಂದೆ ನಿಕಾನೋರ್ ಬಿದ್ದಿದ್ದ ಜಾಗ.

ಸಂಜೆ ಎಸ್ಟೇಟಿನ ಅಡುಗೆಮನೆಯಲ್ಲಿ ಎಲ್ಲರೂ ಸೇರಿದರು. ಲಿಸಾಂದ್ರೊನನ್ನು ಕರೆತಂದಾಗ ಸುಲೇಮಾ ತಮ್ಮನತ್ತ ಬೆನ್ನು ತಿರುಗಿಸಿದಳು. ಎಪ್ಪತ್ತರ ದೋನ್ ಅನ್ಸೆಲ್ಮೊ ಅವಳಿಗೆ ಕುರ್ಚಿ ಎಳೆದುಕೊಟ್ಟರು.

"ಲಿಸಾಂದ್ರೊನ ಸೀಸದ ಗುಂಡು ಅಣಬೆ ಥರ ಅರಳಿ, ಪುಡಿಯಾಗಿ, ತನ್ನ ರಭಸಾನೆಲ್ಲ ಹಂದಿಯೊಳಗೇ ಕಳಕೊಂಡು ನಿಂತಿದೆ," ಎಂದಳು ಎರ್ಮೆಲಿಂದಾ. "ಕೇಳಿದ್ದು ಎರಡೇ ಸದ್ದು. ಒಂದರ ಲೆಕ್ಕ ಹಂದಿ ಹತ್ರ ಮುಗೀತು. ತಾಮ್ರದ ಗುಂಡು ಹಾಗಲ್ಲ. ದಳ ಬಿಚ್ಚಿದ್ರೂ ಚೂರಾಗೋದಿಲ್ಲ. ಒಂದಿಷ್ಟು ರಭಸ ಪ್ರಾಣಿಗೆ ಕೊಟ್ಟು, ಉಳಿದದ್ದನ್ನ ಹೊತ್ಕೊಂಡು ಆಚೆ ಹೋಗುತ್ತೆ. ನೇರವಾಗಿ ಬಂದ ಗುಂಡು ಸಣ್ಣ ತೂತು ಮಾಡಿ ಒಳಗೆ ಹೋಗ್ತಿತ್ತು. ನಿಕಾನೋರ್‌ಗೆ ತಗುಲಿದ್ದು ಒಂದು ಪ್ರಾಣಿಯನ್ನ ತೂರಿ ಮೊದಲೇ ಅರಳಿದ್ದ ಗುಂಡು. ಗಾಯದಲ್ಲಿದ್ದದ್ದು ಉಣ್ಣೆಯಲ್ಲ. ಉಣ್ಣೆ ಬಾಗುತ್ತೆ, ಸಾರಂಗದ ಕೂದಲು ಮುರಿಯುತ್ತೆ." ಅವಳ ದನಿ ತಗ್ಗಿತು. "ದೋನ್ ಅನ್ಸೆಲ್ಮೊ, ನಿಮ್ಮ ಗುರಿ ತಪ್ಪಿರಲಿಲ್ಲ."

ಮುದುಕರು ಸುಲೇಮಾಳ ಕಡೆ ತಿರುಗಿದರು.

"ಅದು ಓಡಿಹೋಯ್ತು," ಎಂದರು. "ಮೊಣಕಾಲು ನೋವು ಅಂತ ಇಳಿದು ನೋಡ್ಲಿಲ್ಲ. ಬೇರೆ ದಿನ ಆಗಿದ್ರೆ ನಿಕಾನೋರೇ ಹೋಗಿ ನೋಡಿ ಬರ್ತಿದ್ದ... ಅವನು ಅಲ್ಲಿದ್ದಾನೆ ಅಂತ ನಂಗೆ ಗೊತ್ತಿರ್ಲಿಲ್ಲ, ಸುಲೇಮಾ."

ಸುಲೇಮಾ ಮೊದಲು ತಮ್ಮನ ಬಳಿ ಹೋಗಿ ಅವನ ತಲೆಯನ್ನು ಎದೆಗೊತ್ತಿಕೊಂಡಳು. "ನಾನೂ ನಿನ್ನೇ ಅಂದ್ಕೊಂಡಿದ್ದೆ ಕಣೋ," ಎಂದು ಬಿಕ್ಕಿದಳು.

ದೋನ್ ಅನ್ಸೆಲ್ಮೊ ಎದ್ದು ದಫೇದಾರನ ಮುಂದೆ ಎರಡೂ ಕೈ ಚಾಚಿದರು. ಫಿದೆಲ್ ಬೇಡಿ ಹಾಕಲಿಲ್ಲ. "ಜೀಪಲ್ಲಿ ಮುಂದೆ ಕೂತ್ಕೊಳ್ಳಿ, ಯಜಮಾನ್ರೇ," ಎಂದ.

"ನಾನೂ ಬರ್ತೀನಿ," ಎಂದಳು ಸುಲೇಮಾ, ಕಣ್ಣೊರೆಸಿಕೊಳ್ಳುತ್ತ. "ಅವರ ಮಾತು ಬರೆದುಕೊಳ್ಳುವಾಗ ನಾನು ಎದುರಿಗಿರಬೇಕು. ಬೇಕೂಂತ ಮಾಡಿದ್ದಲ್ಲ ಅನ್ನೋದನ್ನೂ ಬರೀರಿ."