ಪಿನ್ನಿಗೆ ಕೂಗದ ಡಿಟೆಕ್ಟರ್

ಬೆಳಿಗ್ಗೆ ಒಂಬತ್ತೂವರೆಗೆ ವಸ್ತು ಸಂಗ್ರಹಾಲಯದ ಮುಖ್ಯಸ್ಥರು ನಾಣ್ಯದ ಕಪಾಟಿನ ಮೂರನೆಯ ಖಾನೆ ಎಳೆದರು. ಹನ್ನೊಂದನೆಯ ಗುಳಿ ಖಾಲಿ. ಕುದುರೆ ಮುದ್ರೆಯ ಚಿನ್ನದ ನಾಣ್ಯ ಅಲ್ಲಿರಲಿಲ್ಲ. ಹೆಬ್ಬೆರಳ ಉಗುರಿನಷ್ಟು ಗಾತ್ರ. ಅದರ ಜೋಡಿ ಬೇರೆಲ್ಲೂ ಇಲ್ಲ.

ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ ಅವರೇ ಅದನ್ನು ಕಣ್ಣಾರೆ ಕಂಡಿದ್ದರು. ಆಮೇಲೆ ಆ ಕೋಣೆಗೆ ಹೋಗಿ ಬಂದವರು ಮೂವರೇ: ನಾಣ್ಯ ಶುಚಿ ಮಾಡುವವನು, ದಾಖಲೆ ಬರೆಯುವ ಗುಮಾಸ್ತೆ, ಫೋಟೊಗ್ರಾಫರ್. ಕಿಟಕಿಗಳಿಗೆಲ್ಲ ಜಾಲರಿ. ಹೊರಹೋಗಲು ಒಂದೇ ಬಾಗಿಲು. ಅಲ್ಲಿ ಕಾವಲುಗಾರ್ತಿ ಮೆಟಲ್ ಡಿಟೆಕ್ಟರ್ ಹಿಡಿದು ಪ್ರತಿಯೊಬ್ಬರ ಮೈಮೇಲೂ ಆಡಿಸಿದ ನಂತರವೇ ಬೀದಿ. ಸಂಜೆ ಐದಕ್ಕೆ ಮೂವರೂ ಹಾಗೆಯೇ ಹೋಗಿದ್ದರು. ಡಿಟೆಕ್ಟರ್ ಕೂಗಿದ್ದು ಬೀಗದ ಕೈಗಳಿಗೆ, ಬೆಲ್ಟಿನ ಕೊಕ್ಕೆಗೆ. ಅಷ್ಟೇ.

ತನಿಖೆಗೆ ಬಂದ ಸಬ್ ಇನ್ಸ್‌ಪೆಕ್ಟರ್ ಡಿಟೆಕ್ಟರನ್ನು ತನ್ನ ಬೆಲ್ಟಿಗೆ ಹಿಡಿದ. ಕೂಗಿತು. ಬೀಗದ ಕೈಗೊಂಚಲಿಗೆ ಹಿಡಿದ. ಕೂಗಿತು. ಯಂತ್ರ ಸರಿಯಿದೆ ಎಂದಮೇಲೆ ತಪ್ಪು ಅದನ್ನು ಹಿಡಿದಿದ್ದ ಕೈಯದ್ದೇ. ಮುಖ್ಯಸ್ಥರು ಹತ್ತೊಂಬತ್ತು ವರ್ಷ ಆ ಬಾಗಿಲು ಕಾದ ಹೆಂಗಸನ್ನು ಅಂದೇ ಕೆಲಸದಿಂದ ದೂರವಿಟ್ಟರು. ನಿನ್ನೆಯವರೆಗೆ ಅಕ್ಕಾ ಅಂತ ಕರೆಯುತ್ತಿದ್ದವರು ಅವಳಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ಅವಳು ಅಳಲಿಲ್ಲ, ಆಣೆ ಇಡಲಿಲ್ಲ. ಒಂದೇ ಮಾತು ಹೇಳಿದಳು.

"ಸಾರ್, ದಿನಾ ಬೆಳಿಗ್ಗೆ ಕೆಲಸ ಶುರು ಮಾಡೋಕೆ ಮುಂಚೆ ಒಂದು ಸೇಫ್ಟಿ ಪಿನ್ ಹಿಡಿದು ನೋಡ್ತೀನಿ. ನಿನ್ನೆ ಕೂಗ್ತು. ಇವತ್ತು ಕೂಗಲಿಲ್ಲ."

ನೆಪ ಅಂದುಕೊಂಡ ಸಬ್ ಇನ್ಸ್‌ಪೆಕ್ಟರ್. ಆದರೂ ಆ ಮಾತು ಅವನ ಕಿವಿಯಲ್ಲಿ ಉಳಿಯಿತು.

* * *

ಅವನ ಸೋದರತ್ತೆ ತಕ್ಕಡಿ, ಮೀಟರು, ಕಿವಿಯ ಯಂತ್ರ ರಿಪೇರಿ ಮಾಡುವವಳು. ಮೂವತ್ತು ವರ್ಷದ ಅಂಗಡಿ. ಅವಳ ಕೈಗೆ ಹೋದ ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ಊರೇ ಹೇಳುತ್ತಿತ್ತು. ಮಧ್ಯಾಹ್ನ ಅವನು ಡಿಟೆಕ್ಟರನ್ನು ಅವಳ ಮುಂದಿಟ್ಟು ಪಿನ್ನಿನ ಮಾತು ಹೇಳಿದ.

ಅತ್ತೆ ಮೊದಲು ಉಂಗುರ, ಗಡಿಯಾರ ಬಿಚ್ಚಿಟ್ಟಳು. ಸಲಕರಣೆಯ ಪೆಟ್ಟಿಗೆಯನ್ನು ದೂರ ಸರಿಸಿದಳು. ಬ್ಯಾಟರಿ ತೆಗೆದು ಮೀಟರಿಗೆ ಹಿಡಿದಳು. ತುಂಬಿಯೇ ಇತ್ತು. ಡಿಟೆಕ್ಟರನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಯಾವುದೂ ಸಡಿಲವಾಗಿರಲಿಲ್ಲ. ಕೀಲಿಗೆ ಹಿಡಿದಳು, ಕೂಗಿತು. ಪಿನ್ನಿಗೆ ಹಿಡಿದಳು. ಸದ್ದಿಲ್ಲ. ಪಿನ್ ಮುಟ್ಟಿಸಿಯೇ ನೋಡಿದಳು. ಆಗಲೂ ಇಲ್ಲ.

"ಆಯಮ್ಮ ನಿಜ ಹೇಳಿದ್ದಾರೆ ಕಣೋ," ಎಂದಳು.

ಹಿಡಿಕೆಯ ತುದಿಯಲ್ಲಿ ರಬ್ಬರಿನ ಪುಟ್ಟ ಬಿರಡೆ. ಅದರ ಕೆಳಗೆ ಸೂಜಿಗಾತ್ರದ ತೂತು. ಒಳಗಿದ್ದ ಸ್ಕ್ರೂ ತಿರುಗಿಸಿದರೆ ಡಿಟೆಕ್ಟರಿನ ಚುರುಕು ಏರುತ್ತದೆ, ಇಳಿಯುತ್ತದೆ. ಸರಿಯಾದ ಕ್ರಮ ಹೀಗೆ: ಸುತ್ತ ಲೋಹವಿಲ್ಲದ ಜಾಗದಲ್ಲಿ ನಿಂತು, ಕೂಗುವವರೆಗೂ ತಿರುಗಿಸಬೇಕು; ಆಮೇಲೆ ಕೂಗು ನಿಲ್ಲುವಷ್ಟೇ ಹಿಂದಕ್ಕೆ. ಆ ಅಂಚಿನಲ್ಲಿ ಪಿನ್ ಬಂದರೂ ಅದು ಬೊಬ್ಬೆ ಹೊಡೆಯುತ್ತದೆ. ಇದರ ಸ್ಕ್ರೂ ಯಾರೋ ಇಳಿಸಿದ್ದರು.

ಈಗಲೇ ಸರಿ ಮಾಡಿಬಿಡಿ ಎಂದು ಅವನು ಕೇಳಿದ. ಅತ್ತೆ ಬಿರಡೆ ಮುಚ್ಚಿಬಿಟ್ಟಳು.

"ಸರಿ ಮಾಡಿದ್ರೆ ಕಳ್ಳನ ಕೈಕೆಲಸ ಅಳಿಸಿಹೋಗುತ್ತೆ. ಹೇಗಿದೆಯೋ ಹಾಗೇ ಇರಲಿ."

ಆಮೇಲೆ ಅವಳು ಡಿಟೆಕ್ಟರನ್ನು ಕೈಯಲ್ಲಿ ತಿರುಗಿಸುತ್ತ ಕೂತಳು. ಕಳ್ಳ ಎಷ್ಟು ತಿರುಗಿಸಬೇಕೆಂದು ಹೇಗೆ ತಿಳಿದುಕೊಂಡ? ಹೆಚ್ಚು ಇಳಿಸಿದರೆ ಕೀಲಿಗೂ ಕೂಗದೆ ಕಾವಲುಗಾರ್ತಿಗೆ ಗೊತ್ತಾಗುತ್ತದೆ. ಕಡಿಮೆಯಾದರೆ ನಾಣ್ಯಕ್ಕೆ ಕೂಗುತ್ತದೆ. ಅಂದಾಜಿನ ಕೆಲಸವಲ್ಲ ಇದು. ಯೋಚಿಸುತ್ತಲೇ ಡಿಟೆಕ್ಟರನ್ನು ಮೇಜಿಗೆ ಬಿಗಿದಿದ್ದ ಕಬ್ಬಿಣದ ಇಕ್ಕಳದ ಕಡೆ ನಿಧಾನವಾಗಿ ಒಯ್ದಳು. ತೀರ ಹತ್ತಿರ ಹೋದಾಗ ಅದು ತಾನಾಗಿಯೇ ಕೂಗಿತು. ತುಸು ಹಿಂದೆ ಸರಿಸಿದಳು, ಸುಮ್ಮನಾಯಿತು. ಅದೇ ಜಾಗದಲ್ಲಿ ಪಿನ್ ತೋರಿಸಿದಳು.

ಕೂಗಿತು.

ಅತ್ತೆಯ ಮುಖ ಅರಳಿತು. ನಾಳೆ ನನ್ನನ್ನೂ ಕರೆದುಕೊಂಡು ಹೋಗು ಎಂದಳು.

* * *

ಮಾರನೆಯ ಬೆಳಿಗ್ಗೆ ಅತ್ತೆ ಕಾವಲುಗಾರ್ತಿಯನ್ನೇ ಮೊದಲು ಮಾತಾಡಿಸಿದಳು. ದಿನಾ ಮೂರೂವರೆಗೆ ಅವಳಿಗೆ ಹತ್ತು ನಿಮಿಷ ಚಹಾದ ಬಿಡುವು. ಆಗ ಡಿಟೆಕ್ಟರ್ ಒಳಬಾಗಿಲ ಮೊಳೆಯಲ್ಲಿ ತೂಗುತ್ತಿರುತ್ತದೆ. ಬದಲಿಗೆ ನಿಲ್ಲುವ ಜವಾನ ಬೀದಿಯ ಕಡೆ ಮುಖ ಮಾಡಿರುತ್ತಾನೆ.

ಯಾರೋ ಇದನ್ನು ಲೋಹದ ಹತ್ತಿರ ಇಟ್ಟು ಇಳಿಸಿದ್ದಾರೆ ಎಂದು ಅತ್ತೆ ಹೇಳಿದ್ದೇ ತಡ, ಸಬ್ ಇನ್ಸ್‌ಪೆಕ್ಟರ್ ನಾಣ್ಯ ಶುಚಿ ಮಾಡುವವನ ಕೋಣೆಗೆ ನುಗ್ಗಿದ. ಅವನ ಮೇಜು ಪೂರ್ತಿ ಸ್ಟೀಲಿನದು. ಆ ಮನುಷ್ಯ ಗಾಬರಿಯಿಂದ ಎದ್ದು ನಿಂತ. ಅತ್ತೆ ಡಿಟೆಕ್ಟರನ್ನು ಮೇಜಿನ ಮೇಲೆ ಮಲಗಿಸಿದಳು. ಅದು ಕಿವಿ ಕಿತ್ತುಹೋಗುವಂತೆ ಅರಚಿತು.

"ಇಲ್ಲಲ್ಲ. ಇಲ್ಲಿ ಇಳಿಸಿದ್ರೆ ಇಲ್ಲಿ ಸುಮ್ಮನಿರಬೇಕಿತ್ತು, ಪಿನ್ ತಂದ್ರೆ ಮಾತ್ರ ಕೂಗಬೇಕಿತ್ತು. ಇವರನ್ನ ಬಿಡು."

ಗುಮಾಸ್ತೆಯ ಮರದ ಮೇಜು. ಡಿಟೆಕ್ಟರ್ ಸುಮ್ಮನೆ ಮಲಗಿತು. ಪಿನ್ ತೋರಿಸಿದರೂ ಉಸಿರಿಲ್ಲ.

ಫೋಟೊಗ್ರಾಫರನ ಮೇಜೂ ಮರದ್ದೇ, ಮೇಲೆ ಕಪ್ಪು ಬಟ್ಟೆ. ಆತ ನಗುನಗುತ್ತಲೇ ಜಾಗ ಬಿಟ್ಟುಕೊಟ್ಟ. ಡಿಟೆಕ್ಟರ್ ಅಲ್ಲೂ ಸುಮ್ಮನಿತ್ತು. ಅತ್ತೆ ಪಿನ್ ಹತ್ತಿರ ತಂದಳು. ನಾಲ್ಕು ಬೆರಳು ದೂರವಿರುವಾಗಲೇ ಅದು ಕೂಗಿತು. ಪಿನ್ ಹಿಂದಕ್ಕೆ, ಮೌನ. ಮುಂದಕ್ಕೆ, ಕೂಗು. ಮೂರು ಸಲ ಹಾಗೆಯೇ.

ಅತ್ತೆ ಬಗ್ಗಿ ಹಲಗೆಯ ಅಡಿಗೆ ಕೈ ಹಾಕಿದಳು. ಅಡಿಯಲ್ಲಿ ಉದ್ದಕ್ಕೂ ಕಬ್ಬಿಣದ ತಗಡು ಬಡಿದಿತ್ತು, ಫೋಟೊ ತೆಗೆಯುವಾಗ ಕಾಗದಗಳನ್ನು ಅಯಸ್ಕಾಂತದಿಂದ ಹಿಡಿದಿಡಲು.

ಫೋಟೊಗ್ರಾಫರನ ನಗು ಅಲ್ಲೇ ನಿಂತಿತು.

* * *

ಡಿಟೆಕ್ಟರಿನ ಜೊತೆ ಬಂದ ಸೂಚನೆಯ ಹಾಳೆ ಅವನ ಮೇಜಿನ ಖಾನೆಯಲ್ಲೇ ಸಿಕ್ಕಿತು. ಲೋಹದ ಬಳಿ ಇಟ್ಟು ಹೊಂದಿಸಬೇಡಿ, ಹೊಂದಿಸಿದರೆ ಸಣ್ಣ ವಸ್ತು ತಪ್ಪಿಹೋಗುತ್ತದೆ ಎಂದು ಅದರಲ್ಲಿತ್ತು. ಎಲ್ಲರಿಗೂ ಎಚ್ಚರಿಕೆಯಾದದ್ದು ಅವನಿಗೆ ಉಪಾಯವಾಯಿತು. ಚಹಾದ ಹೊತ್ತಿನಲ್ಲಿ ಡಿಟೆಕ್ಟರನ್ನು ತಂದು ತನ್ನ ಮೇಜಿನ ಮೇಲೆ ಮಲಗಿಸಿದ. ತಗಡಿಗೆ ಅದು ಕೂಗಿತು. ಕೂಗು ನಿಲ್ಲುವಷ್ಟು ಸ್ಕ್ರೂ ಇಳಿಸಿದ. ಮೇಜಿನಿಂದ ಎತ್ತಿದ ಮೇಲೆ ಅದು ಮಂಕಾಯಿತು: ಕೀಲಿಗೆ ಕೂಗುವ, ನಾಣ್ಯಕ್ಕೆ ಕೂಗದ ಹದ. ತೆಗೆದ ಜಾಗದಲ್ಲೇ ತೂಗುಹಾಕಿದ. ಐದಕ್ಕೆ ನಾಣ್ಯವನ್ನು ಕಾಲುಚೀಲದಲ್ಲಿಟ್ಟುಕೊಂಡು ಕಾವಲುಗಾರ್ತಿಗೆ ಕೈಮುಗಿದು ಹೋದ.

"ಸ್ಕ್ರೂನ ಸುಮ್ಮನೆ ಕಣ್ಣಳತೆಯಲ್ಲಿ ಇಳಿಸಿದ್ದಿದ್ರೆ ನನಗೂ ಗೊತ್ತಾಗ್ತಿರಲಿಲ್ಲ," ಎಂದಳು ಅತ್ತೆ. "ಅಚ್ಚುಕಟ್ಟಾಗಿ ಮಾಡಿದ. ಅದಕ್ಕೇ ಈ ಯಂತ್ರ ಇಡೀ ಕಟ್ಟಡದಲ್ಲಿ ಒಂದೇ ಮೇಜಿನ ಮೇಲೆ ಚುರುಕಾಗಿದೆ."

ನಾಣ್ಯ ಅವನ ಮನೆಯಲ್ಲಿ, ಲೆನ್ಸಿನ ಡಬ್ಬಿಯ ಸ್ಪಂಜಿನೊಳಗೆ ಸಿಕ್ಕಿತು. ಹೊರಗಿನ ಸಂಗ್ರಾಹಕನೊಬ್ಬನಿಗೆ ಮಾತು ಕೊಟ್ಟಿದ್ದನಂತೆ.

ಮುಖ್ಯಸ್ಥರು ಎಲ್ಲರ ಎದುರಿಗೇ ಕಾವಲುಗಾರ್ತಿಯ ಕ್ಷಮೆ ಕೇಳಿದರು. ಸಬ್ ಇನ್ಸ್‌ಪೆಕ್ಟರನೂ ಕೇಳಿದ. ಅವಳು ಆಯಿತು ಎಂಬಂತೆ ತಲೆಯಾಡಿಸಿ ಅತ್ತೆಯ ಕಡೆ ತಿರುಗಿದಳು.

"ಅಮ್ಮಾ, ಇದನ್ನ ಹದ ಮಾಡೋದು ನನಗೂ ಕಲಿಸಿಕೊಡಿ. ಇನ್ಮೇಲೆ ನಾನೇ ನೋಡ್ಕೋತೀನಿ."

ಇಬ್ಬರೂ ಅಂಗಳದ ನಡುವೆ, ಗೇಟು ಕಂಬಗಳಿಂದ ದೂರ ಹೋಗಿ ನಿಂತರು. ಅತ್ತೆ ಪ್ಲಾಸ್ಟಿಕ್ ತುದಿಯ ಸ್ಕ್ರೂಡ್ರೈವರನ್ನು ಅವಳ ಕೈಗೇ ಕೊಟ್ಟಳು, ತಾನು ಮುಟ್ಟಲಿಲ್ಲ. ಮೊದಲ ಸಲ ಹೆಚ್ಚಾಯಿತು. ಎರಡನೆಯ ಸಲ ಕಡಿಮೆ. ಜೀಪಿನ ಹತ್ತಿರ ಕಾಯುತ್ತಿದ್ದ ಸಬ್ ಇನ್ಸ್‌ಪೆಕ್ಟರ್ ಅತ್ತೆಯನ್ನು ಕರೆಯಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು ಅವರು ಮುಗಿಸುವವರೆಗೂ ನೋಡುತ್ತ ನಿಂತ.