ಬದುವಿನಾಚೆಯ ಮಣ್ಣು

“ಸೂರಪ್ಪ, ನನ್ನಿವಾಳ. ಎರಡು ಎಕರೆ. ಬೆಳೆ ಶೇಂಗಾ.” ಮಂಜುಳಾ ಮಿಸ್ ಕೈಯಲ್ಲಿದ್ದ ಮಣ್ಣು ಪರೀಕ್ಷೆಯ ರಿಪೋರ್ಟಿನಿಂದ ತಲೆ ಎತ್ತಿದರು. “ದಿವ್ಯಾ, ಇದು ನಿಮ್ಮಪ್ಪನ ಹೊಲದ್ದಲ್ವಾ?”

ದಿವ್ಯಾ ಎದ್ದು ನಿಂತಳು.

“ಸಾವಯವ ಅಂಶ, ಉತ್ತಮ! ಅಂದ್ರೆ ಮಣ್ಣಿನಲ್ಲಿ ಕೊಳೆತ ಎಲೆ, ಬೇರು, ಗೊಬ್ಬರ ಎಲ್ಲ ಚೆನ್ನಾಗಿ ಸೇರಿದೆ ಅಂತ. ಎಲ್ಲರೂ ಚಪ್ಪಾಳೆ ಹೊಡೀರಿ.”

ಎಲ್ಲರೂ ಹೊಡೆದರು. ಅಮರೇಶ್ ಮಾತ್ರ ಹೊಡೆಯಲಿಲ್ಲ.

“ಅದೆಂಗೆ ಮಿಸ್? ನಮ್ದೂ ಉತ್ತಮ, ಇವರದ್ದೂ ಉತ್ತಮನಾ? ಇವರ ಹೊಲ ನೀವು ನೋಡಿಲ್ಲ ಮಿಸ್. ಬೂದಿ ಚೆಲ್ಲಿದಂಗೈತೆ.”

“ಅಕ್ಕಪಕ್ಕದ ಹೊಲ ಅಲ್ವೇನೋ? ಕೂತ್ಕೋ,” ಅಂದರು ಮಿಸ್.

ಅಮರೇಶ್ ಕೂತ. ಆದರೆ ಬೆಲ್ ಹೊಡೆಯುವವರೆಗೂ ಅವನು ದಿವ್ಯಾಳನ್ನೇ ತಿರುಗಿ ತಿರುಗಿ ನೋಡುತ್ತಿದ್ದ.

ಅವನೇ ಇದಕ್ಕೆಲ್ಲ ಕಾರಣ ಎಂದು ದಿವ್ಯಾಗೆ ಅನ್ನಿಸಿತು. ಒಂದು ತಿಂಗಳ ಹಿಂದೆ ಮಿಸ್ ಎಲ್ಲರಿಗೂ ಅವರವರ ಹೊಲದಿಂದ ಒಂದು ಹಿಡಿ ಮಣ್ಣು ತರಲು ಹೇಳಿದ್ದರು. ಕಪ್ಪು, ಕೆಂಪು, ಕಂದು, ಡೆಸ್ಕಿನ ಮೇಲೆ ಸಾಲಾಗಿ ಮಣ್ಣು. ದಿವ್ಯಾಳದ್ದು ಬೆಳ್ಳಗೆ ಪುಡಿಪುಡಿಯಾಗಿತ್ತು.

“ಏ, ಒಲೆ ಬೂದಿ ಬಾಚ್ಕೊಂಡು ಬಂದಿದೀಯೇನೇ?” ಎಂದು ಅಮರೇಶ್ ಕೇಳಿದ್ದ. ಇಡೀ ಕ್ಲಾಸು ನಕ್ಕಿತ್ತು. ಆ ಮಣ್ಣು ತನ್ನ ಕಡೆಗೇ ನೋಡಿ ತಲೆತಗ್ಗಿಸಿದಂತೆ ದಿವ್ಯಾಗೆ ಕಂಡಿತ್ತು.

ಆಮೇಲೆ ಪರೀಕ್ಷೆಗೆ ಕಳಿಸಲು ಮಿಸ್ ಬಟ್ಟೆ ಚೀಲ ಕೊಟ್ಟರು. ಹೊಲದ ಎಂಟು ಕಡೆ ಗೇಣುದ್ದ ಗುಂಡಿ ತೋಡಿ, ಮಣ್ಣು ಬೆರೆಸಿ, ಅರ್ಧ ಕೆಜಿ ತರಬೇಕು. ದಿವ್ಯಾ ಗುದ್ದಲಿ ಹಿಡಿದು ಒಬ್ಬಳೇ ಹೊಲಕ್ಕೆ ಹೋದಳು. ಒಂದು ಗುಂಡಿ ತೋಡಿದಳು. ಮತ್ತೆ ಅದೇ ಬೂದಿ. ಬದುವಿನಾಚೆ ಅಮರೇಶನ ಅಪ್ಪ ಜಂಬುಲಿಂಗಪ್ಪನವರ ಹೊಲ. ಅಲ್ಲಿ ಪ್ರತಿ ಬೇಸಿಗೆ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸುತ್ತಿದ್ದರು. ಅಲ್ಲಿನ ಮಣ್ಣು ಹಳೆ ಬೆಲ್ಲದ ಬಣ್ಣಕ್ಕಿತ್ತು.

ಸುತ್ತ ಯಾರೂ ಇರಲಿಲ್ಲ. ದಿವ್ಯಾ ಬದು ದಾಟಿದಳು.

ಒಂದು ಸುಳ್ಳು ಚೀಲ, ಅಷ್ಟೇ. ಯಾರಿಗೇನು ನಷ್ಟ? ಹಾಗಂದುಕೊಂಡಿದ್ದಳು. ನಷ್ಟ ಏನೆಂದು ಹೋದ ವಾರ ಗೊತ್ತಾಯಿತು.

ಈ ಸಲ ಶೇಂಗಾ ಕಿತ್ತು ಹಾಕಿದಾಗಲೇ ಮಳೆ ಬಂದಿತ್ತು. ಕಾಯಿ ಉಳಿಯಿತು. ಬಳ್ಳಿ ನೆಂದು ಕಪ್ಪಾಯಿತು. ಆ ಹೊಟ್ಟನ್ನು ಎತ್ತುಗಳು ಮೂಸಿಯೂ ನೋಡಲಿಲ್ಲ. ಇಟ್ಟಿಗೆ ಸುಡುವವರು ತಗೊಂಡು ಹೋಗುತ್ತಾರೆ, ಕೊಟ್ಟುಬಿಡೋಣ ಎಂದ ಅಪ್ಪ. ಅವ್ವ ಒಪ್ಪಲಿಲ್ಲ.

“ವರ್ಷವೂ ಒಳ್ಳೆ ಹೊಟ್ಟೆಲ್ಲ ಲಾರಿಗೆ ಹಾಕಿದ್ರಿ. ಇದನ್ನಾದ್ರೂ ಹೊಲಕ್ಕೆ ಹಾಕ್ರಿ. ಮಣ್ಣಾಗೆ ಕಸುವಿಲ್ಲ.”

“ಕಸುವಿಲ್ಲ ಅಂತ ನಿನಗೆ ಮಣ್ಣು ಬಂದು ಹೇಳ್ತಾ?”

“ಹೂಂ, ಹೇಳ್ತು. ಕಳೆ ತೆಗೆಯೋಳು ನಾನು. ನನಗಲ್ದೆ ಇನ್ಯಾರಿಗೆ ಹೇಳ್ತದೆ?”

ಕೊನೆಗೆ ಅಪ್ಪನೇ ಒಂದು ಮಾತಿಗೆ ಬಂದ. “ಆತು ಗೀತಾ, ಇಸ್ಕೂಲಿನ ರಿಪೋರ್ಟ್ ಬರ್ಲಿ. ಕಸುವಿಲ್ಲ ಅಂತ ಬಂದ್ರೆ ಹೊಟ್ಟು ಹೊಲಕ್ಕೆ. ಐತೆ ಅಂತ ಬಂದ್ರೆ ಲಾರಿಗೆ. ಆಮೇಲೆ ನೀನು ಸೊಲ್ಲೆತ್ತಂಗಿಲ್ಲ.”

ಈಗ ರಿಪೋರ್ಟ್ ದಿವ್ಯಾಳ ಬ್ಯಾಗಿನಲ್ಲಿತ್ತು. ಹರಿದು ಜಾಲಿ ಗಿಡದ ಬುಡಕ್ಕೆ ಎಸೆದರೆ? ಅವಳು ಜಾಲಿಯ ಹತ್ತಿರ ನಿಂತೂ ಬಿಟ್ಟಳು. ಅಷ್ಟರಲ್ಲಿ ಹಿಂದಿನಿಂದ ಸೈಕಲ್ ಬೆಲ್ ಕೇಳಿತು. ಅಮರೇಶ್! ದಿವ್ಯಾ ಬ್ಯಾಗು ಎದೆಗವಚಿಕೊಂಡು ಮನೆ ಕಡೆ ಓಡಿದಳು.

ಅಪ್ಪ ಬಾಗಿಲಲ್ಲೇ ಇದ್ದ. “ಬಂತೇನವ್ವ ರಿಪೋರ್ಟು?”

ಅವಳು ಕೊಟ್ಟಳು. ಅಪ್ಪ ಒಂದೊಂದೇ ಅಕ್ಷರ ಕೂಡಿಸಿ ಓದಿದ. “ಉತ್-ತ-ಮ. ಕೇಳ್ತೇನೇ ಗೀತಾ? ಉತ್ತಮ ಅಂತೆ!”

ಅವ್ವ ಒಲೆಯ ಮುಂದೆ ಕೂತಿದ್ದಳು. ಹಿಂದಕ್ಕೆ ತಿರುಗಲಿಲ್ಲ. ಸೌದೆ ಒಳಗೆ ತಳ್ಳುತ್ತ, “ಹಂಗಾರೆ ನನಗೇ ತಿಳೀಲಿಲ್ಲ ಬಿಡ್ರಿ,” ಅಂದಳು.

ಅವ್ವ ಸೋತದ್ದನ್ನು ದಿವ್ಯಾ ಯಾವತ್ತೂ ನೋಡಿರಲಿಲ್ಲ.

ಭಾನುವಾರ ಬೆಳಿಗ್ಗೆ ಬಣವೆಯ ಪಕ್ಕ ಲಾರಿ ಬಂದು ನಿಂತಿತು. ಡ್ರೈವರ್ ದುರುಗೇಶ್ ಇಳಿದವನೇ, “ಏನಪ್ಪಾ ಸೂರಪ್ಪಾ, ಹೊಟ್ಟು ಕಾಡಿಗೆ ಹಚ್ಕೊಂಡು ಕೂತೈತಲ್ಲ!” ಎಂದು ನಕ್ಕ. ಅಪ್ಪನೂ ಅವನೂ ಕವೆಗೋಲಿನಲ್ಲಿ ಎತ್ತಿ ಎತ್ತಿ ತುಂಬತೊಡಗಿದರು. ಬಣವೆ ಆನೆಯಷ್ಟಿದ್ದದ್ದು ಎಮ್ಮೆಯಷ್ಟಾಯಿತು. ಇನ್ನು ಸ್ವಲ್ಪ ಹೊತ್ತಿಗೆ ಕರುವಿನಷ್ಟಾಗುತ್ತದೆ. ಆಮೇಲೆ ಎಲ್ಲ ಬೆಂಕಿಗೆ.

ದಿವ್ಯಾ ನೀರಿನ ಬಿಂದಿಗೆ ಹಿಡಿದು ನಿಂತಿದ್ದಳು. ಹೇಳಬೇಕು ಅಂದುಕೊಂಡಾಗಲೆಲ್ಲ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ದುರುಗೇಶ್ ಹಗ್ಗ ಹುಡುಕತೊಡಗಿದ.

“ಅಪ್ಪಾ, ಬ್ಯಾಡ!”

ಎಲ್ಲರೂ ತಿರುಗಿದರು.

“ಯಾಕಮ್ಮಣ್ಣಿ, ಹೊಟ್ಟಿನ ಜೊತೆ ನೀನೂ ಬರ್ತೀಯಾ?” ಎಂದ ದುರುಗೇಶ್.

“ಆ ಮಣ್ಣು ನಮ್ದಲ್ಲ ಅಪ್ಪಾ. ರಿಪೋರ್ಟಿಗೆ ಕೊಟ್ಟ ಮಣ್ಣು. ನಾನು... ನಾನು ಅಮರೇಶ್ ಅವರ ಹೊಲದಿಂದ ತಂದಿದ್ದು.”

ಅಪ್ಪನ ಕೈಯಲ್ಲಿದ್ದ ಕವೆಗೋಲು ಕೆಳಗೆ ಬಿತ್ತು. “ಕದ್ದು ತಂದ್ಯಾ?”

“ಹೂಂ.”

“ಯಾಕೆ?”

“ನಮ್ ಮಣ್ಣು ನೋಡಿ ಎಲ್ಲಾರೂ ನಕ್ರು.”

ಅಪ್ಪ ಹೊಡೆಯುತ್ತಾನೆ ಎಂದು ದಿವ್ಯಾ ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ. ಕಣ್ಣು ಬಿಟ್ಟಾಗ ಅಪ್ಪ ಸಲಿಕೆ ಹೆಗಲಿಗೇರಿಸಿ ಹೊಲದ ಕಡೆ ಹೊರಟಿದ್ದ. ಅವಳು ಬಿಂದಿಗೆ ಇಳಿಸಿ ಹಿಂದೆ ಓಡಿದಳು.

ಹೊಲದ ನಡುವೆ ಅಪ್ಪ ಒಂದು ಗುಂಡಿ ತೋಡಿದ. ಒಂದು ಹಿಡಿ ಮಣ್ಣು ಎತ್ತಿ, ಗಟ್ಟಿಯಾಗಿ ಅಮುಕಿ, ಕೈ ಬಿಚ್ಚಿದ. ಮಣ್ಣು ಬೆರಳ ಸಂದಿಯಲ್ಲಿ ಸುರಿದು ಗಾಳಿಗೆ ಹೋಯಿತು.

ಬದುವಿನ ಹತ್ತಿರ ಅಮರೇಶ್ ತನ್ನ ಸೈಕಲ್ ಹಿಡಿದು ನಿಂತಿದ್ದ.

“ಅಮರೇಶ, ನಿಮ್ಮ ಹೊಲದ ಒಂದು ಹಿಡಿ ಮಣ್ಣು ತಗೋತೀನಿ ಕಣಪ್ಪ,” ಎಂದ ಅಪ್ಪ. “ಹೋದ ತಿಂಗಳು ನನ್ನ ಮಗಳು ಕೇಳ್ದೆ ತಗೊಂಡಿದ್ದಾಳಂತೆ.”

ದಿವ್ಯಾಳ ಮುಖ ಬಿಸಿಯಾಯಿತು. ಅಮರೇಶ್ ಬಾಯಿ ತೆರೆದ.

“ನಾನು ಹೇಳ್ಲಿಲ್ವಾ! ನಂಗೆ ಆವತ್ತೇ ಡೌಟು!” ಅಂದ. ಆದರೆ ಅಪ್ಪ ಇನ್ನೂ ಬದುವಿನ ಈಚೆಗೇ ಕಾಯುತ್ತ ನಿಂತಿದ್ದ. ಅಷ್ಟು ದೊಡ್ಡವರು ತನ್ನನ್ನು ಕೇಳಿಕೊಂಡು ನಿಂತದ್ದು ಅಮರೇಶನಿಗೆ ಮುಜುಗರವಾಯಿತು. “ತಗೊಳ್ರಿ ಮಾವ,” ಎಂದು ಸೈಕಲ್ ಪೆಡಲ್ ತಿರುಗಿಸುತ್ತ ಹೇಳಿದ.

ಆ ಮಣ್ಣನ್ನೂ ಅಪ್ಪ ಅಮುಕಿ ಕೈ ಬಿಚ್ಚಿದ. ಅದು ಉಂಡೆಯಾಗಿ ಅಂಗೈಯಲ್ಲೇ ಕೂತಿತು. ಒಳಗಿಂದ ಒಂದು ಸಣ್ಣ ಕಪ್ಪು ಹುಳ ಹೊರಬಂದು, ಅಪ್ಪನ ಹೆಬ್ಬೆರಳು ಹತ್ತಿ, ಅಲ್ಲಿಂದ ಎಲ್ಲಿಗೆ ಹೋಗುವುದು ತಿಳಿಯದೆ ನಿಂತಿತು.

ಅಪ್ಪ ತುಂಬ ಹೊತ್ತು ಅದನ್ನೇ ನೋಡಿದ.

“ಕಾಯಿ ತಗೊಂಡೆ. ಬಳ್ಳಿ ತಗೊಂಡೆ. ಶೇಂಗಾ ಅಲ್ವಾ, ಬೇರೂ ಕಿತ್ಕೊಂಡು ಬಂದೆ,” ಎಂದ. ಯಾರಿಗೆ ಹೇಳಿದನೋ ತಿಳಿಯಲಿಲ್ಲ. “ಮಣ್ಣಿಗೇನೂ ಬಿಡ್ಲಿಲ್ಲ.”

ಬಣವೆಯ ಹತ್ತಿರ ಬಂದು, “ಇಳಿಸಪ್ಪ ದುರುಗೇಶಿ,” ಅಂದ.

“ಏನ್ ತಮಾಷೆನಾ? ಹುಡುಗಿ ಮಾತು ಕೇಳ್ಕೊಂಡು ತುಂಬಿದ್ದು ಇಳಿಸ್ಬೇಕಾ?”

“ನೀನು ಸುಮ್ನೆ ಕೂತ್ಕೋ. ನಾನೇ ಇಳಿಸ್ತೀನಿ.”

ಬಣವೆಯ ಪಕ್ಕದಲ್ಲೇ ಇದ್ದ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಲಾರಿ ಹತ್ತಿದಳು. ಗೆದ್ದೆ ಅಂತ ಒಂದು ಮಾತೂ ಆಡಲಿಲ್ಲ. ಮೇಲಿಂದ ಒಂದು ಕಂತೆ ಹೊಟ್ಟು ತಳ್ಳಿದಳು. ಅದು ನೇರ ಅಪ್ಪನ ತಲೆಯ ಮೇಲೆ ಬಿತ್ತು. ದುರುಗೇಶನಿಗೂ ನಗು ತಡೆಯಲಾಗಲಿಲ್ಲ. ಬಯ್ಯುತ್ತಲೇ ಅವನೂ ಕೈಹಾಕಿದ.

“ನಾಳೆ ಮಿಸ್‌ಗೆ ನೀನೇ ಹೇಳ್ಬೇಕು. ಎಲ್ಲರ ಮುಂದೆ,” ಎಂದ ಅಪ್ಪ. ದಿವ್ಯಾ ತಲೆಯಾಡಿಸಿದಳು.

ಮಧ್ಯಾಹ್ನದ ಹೊತ್ತಿಗೆ ಹೊಟ್ಟು ಹೊಲದ ಸಾಲುಗಳಿಗೆ ಬೀಳತೊಡಗಿತು. ಅಪ್ಪ ಹರಡಿಕೊಂಡು ಮುಂದೆ ಹೋದ. ಗಾಳಿಗೆ ಹಾರದಂತೆ ಅವ್ವ ಮೇಲೆ ಮಣ್ಣು ಎಳೆಯುತ್ತ ಹಿಂದೆ ಬಂದಳು. ದಿವ್ಯಾ ಪುಟ್ಟಿ ಹೊತ್ತು ಓಡಾಡಿದಳು. ಬಿಸಿಲಿಗೆ ನೆಲ ಹೆಂಚಿನಂತೆ ಕಾದಿತ್ತು. ಚಪ್ಪಲಿ ಎಲ್ಲೋ ಬಿಟ್ಟುಬಂದಿದ್ದಳು. ಕಾಲು ಎತ್ತಿ ಎತ್ತಿ ಇಡಬೇಕಾಗಿತ್ತು.

ತಡೆಯಲಾಗದೆ ಅವಳು ಹೊಟ್ಟು ಹಾಕಿದ್ದ ಸಾಲಿಗೆ ಹಾರಿದಳು. ಒಂದು ಪಾದವನ್ನು ಅದರ ಅಡಿಗೆ ತೂರಿಸಿದಳು.

ಅಲ್ಲಿ ಬಿಸಿಲಿರಲಿಲ್ಲ. ಅದೇ ಬೂದಿ ಬಣ್ಣದ ಮಣ್ಣು, ಈಗ ಆಗಲೇ ಸ್ವಲ್ಪ ತಣ್ಣಗಿತ್ತು.

ಅವಳು ಇನ್ನೊಂದು ಪಾದವನ್ನೂ ಮೆಲ್ಲಗೆ ಒಳಗಿಟ್ಟಳು.

“ಏ ದಿವ್ಯಾ, ಪುಟ್ಟಿ ತಾರೇ!” ಅಪ್ಪ ಆ ತುದಿಯಿಂದ ಕೂಗಿದ.

ಅವಳು ಕೂಡಲೇ ಹೋಗಲಿಲ್ಲ. ಇಷ್ಟು ವರ್ಷ ಈ ಹೊಲ ಹೀಗೇ ಬರಿಮೈಯಲ್ಲಿ ಬಿಸಿಲಿಗೆ ನಿಂತಿತ್ತಲ್ಲ ಎಂದು ಯೋಚಿಸುತ್ತ, ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಳು.