ನಡುಗಡ್ಡೆಯ ಎರಡನೇ ಒರತೆ

"ಬಿಡಲೇ ಜಗದೇವ, ಬಿಟ್ಟು ಬಾ! ಆಕಿ ಮುಟ್ಯಾಳ ಅದನ್ನ!"

ಮೇಲಿನ ಘಾಟಿನಿಂದ ಗೆಳೆಯರು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಕೆಳಗಿನ ಘಾಟಿನಲ್ಲಿ, ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ದ್ರೌಪದಿಯ ಕೈಯಲ್ಲಿ ಒಂದು ಒದ್ದೆ ವಲ್ಲಿ ಇತ್ತು. ಭೀಮಾ ನದಿಯಲ್ಲಿ ತೇಲಿ ಬಂದ ಬಿಳಿ ಬಟ್ಟೆ, ಯಾರದೋ ಏನೋ ಎಂದು ಹಿಡಿದುಬಿಟ್ಟಿದ್ದಳು. ಹಿಡಿದ ಮೇಲೆಯೇ ಮೇಲಿನ ಕೂಗು ಕೇಳಿ ಯಾರದೆಂದು ತಿಳಿದದ್ದು.

'ಯವ್ವಾ... ಇದು ಮಲ್ಲಣ್ಣಗೌಡರ ಮಗಂದು! ಮುಗೀತು ನನ್ನ ಕತಿ!'

ಜಗದೇವ ನೀರು ಸೀಳಿಕೊಂಡು ಬಂದು ಎದುರಿಗೆ ನಿಂತ. ಇಪ್ಪತ್ತೆರಡರ ಹುಡುಗ, ಹಣೆಯ ವಿಭೂತಿ ಅರ್ಧ ತೊಳೆದುಹೋಗಿತ್ತು.

"ಕೊಡು."

"ತಪ್ಪಾತ್ರಿ ಗೌಡ್ರ... ಒಗದು ದಂಡಿ ಮ್ಯಾಲ ಇಡ್ತೇನ್ರಿ."

"ಯಾಕ? ನೀ ಹಿಡದ್ರ ಹೊಲಸಾಗ್ತದೇನು?"

ಅವಳ ಕೈಯಿಂದಲೇ ವಲ್ಲಿ ತೆಗೆದುಕೊಂಡು, ನೀರು ಸೋರುವ ಹಾಗೇ ಹೆಗಲ ಮೇಲೆ ಹಾಕಿಕೊಂಡ. ಬೆರಳಿಗೆ ಬೆರಳು ತಾಕಿತು.

ಆ ದಿನ ದ್ರೌಪದಿ ಖಾಲಿ ಕೊಡ ಹೊತ್ತುಕೊಂಡೇ ಮನೆಗೆ ಬಂದಳು. ಅವ್ವ ಮಲ್ಕಮ್ಮ ಬೈದದ್ದು ಅವಳ ಕಿವಿಗೇ ಬೀಳಲಿಲ್ಲ.

ಇದು ಸಾವಿರದ ಒಂಬೈನೂರ ನಲವತ್ತೊಂದರ ಮಾತು. ಮಣ್ಣೂರಿನ ಈಚೆ ದಂಡೆಗೆ ನಿಜಾಮರ ರಾಜ್ಯ, ಆಚೆ ದಂಡೆಗೆ ಇಂಗ್ರೇಜರ ರಾಜ್ಯ. ರಾಜ್ಯ ಯಾರದಾದರೇನು ಬಿಡಿ, ಹೊಳೆಗೆ ಘಾಟು ಎರಡು. ಹರಿವಿನ ಮೇಲ್ಗಡೆ ಊರವರದು, ಕೆಳಗಡೆ ಕೇರಿಯವರದು. ಊರವರು ಮಿಂದು, ಎತ್ತು ತೊಳೆದು, ಉಗುಳಿ ಬಿಟ್ಟ ನೀರು ಕೇರಿಯ ಕೊಡಕ್ಕೆ ಬರುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಮರಳಲ್ಲಿ ಒರತೆ ತೋಡುವರು. ಕುಣಿ ತೋಡಿದರೆ ತಣ್ಣನೆ ನೀರು ಜಿನುಗುತ್ತದೆ, ಅದೇ ಒರತೆ, ಊರ ಬಾಯಲ್ಲಿ 'ವರ್ತಿ'. ಅದೂ ಎರಡೇ! ಮೇಲೊಂದು ಊರಿಗೆ, ಕೆಳಗೊಂದು ಕೇರಿಗೆ. ಎರಡನ್ನೂ ತೋಡಿಸುವುದು ಗೌಡರ ಮನೆಯ ಹಕ್ಕು. ಆ ಮನೆಯಲ್ಲಿ ದಿನಾ ಬೆಳಿಗ್ಗೆ ಬಸವಣ್ಣನ ವಚನ ಹೇಳುತ್ತಿದ್ದರು. ಬಾಯಿಗೂ ಕೈಗೂ ಸಂಬಂಧ ಇರಲೇಬೇಕೆಂದು ಯಾರು ಹೇಳಿದ್ದಾರೆ, ನೀವೇ ಹೇಳಿ!

ಜಗದೇವನ ಜೀವದ ಗೆಳೆಯ ನಿಜಾಮುದ್ದೀನ ಹೊಳೆಯ ಮರಳಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದ. ದ್ರೌಪದಿ ಅಲ್ಲಿ ಕುಣಿಗಳಿಗೆ ಗೊಬ್ಬರ ಹೊರಲು ಕೂಲಿಗೆ ಹೋಗುತ್ತಿದ್ದಳು. ಗೌಡರ ಮಗನಿಗೆ ಆ ವರ್ಷ ಕಲ್ಲಂಗಡಿಯ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಬಳ್ಳಿ ಹೂ ಬಿಡುವ ಮೊದಲೇ ಹಣ್ಣು ನೋಡಲು ಬರತೊಡಗಿದ.

"ನಿನ್ನ ದೋಸ್ತಿ ನಂಗ ಖರೇ ಗೊತ್ತದಲೇ," ನಿಜಾಮುದ್ದೀನ ನಗುತ್ತಿದ್ದ. "ನನ್ನ ಸಲುವಾಗಿ ಬರಾಂವ ನೀ ಅಲ್ಲ."

ಒಂದು ಮಧ್ಯಾಹ್ನ ಜಗದೇವ ಹೊಳೆಯ ನಡುವೆ ಕೈ ತೋರಿಸಿದ. ಅಲ್ಲಿ ಜಾಲಿಗಿಡಗಳ ಒಂದು ನಡುಗಡ್ಡೆ.

"ದ್ರೌಪದಿ, ಈ ದಂಡಿ ನಿಜಾಮಂದು. ಆ ದಂಡಿ ಇಂಗ್ರಜರದು. ನಡುವಿಂದು ಯಾರದು ಹೇಳು?"

"ಯಾರದ್ರಿ?"

"ಯಾರದೂ ಅಲ್ಲ! ನಮ್ದು! ಅಲ್ಲಿ ಗೌಡಿಲ್ಲ, ಕೇರಿಲ್ಲ. ಒಂದು ಗುಡಿಸಲಾ ಹಾಕೂಣು. ನಾಕ ಆಡು, ಎರಡ ಸೇರು ಜ್ವಾಳದ ಬೀಜ. ಯಾರ ಹಂಗೂ ಬ್ಯಾಡ ನಮಗ."

"ಉಪ್ಪು ತೀರಿದ್ರ?"

"ನಿಜಾಮುದ್ದೀನ ತರ್ತಾನ."

"ಹಂಗಾರ ಊರು ಬೇಕಾತಲ್ರಿ!" ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ನಗಬ್ಯಾಡ ಬೇ. ಮತ್ತ ಒಂದು ಮಾತು. ನಂಗ 'ರಿ' ಅನಬ್ಯಾಡ. 'ನೀ' ಅನ್ನು."

ಅವಳ ನಾಲಿಗೆ ಹೊರಳಲಿಲ್ಲ. ಆದರೆ ಅಂದಿನಿಂದ ಗೊಬ್ಬರದ ಬುಟ್ಟಿ ಹೊತ್ತಾಗಲೆಲ್ಲ ಅವಳ ಕಣ್ಣು ಆ ಜಾಲಿಗಿಡಗಳ ಮೇಲೆ. 'ನನ್ನ ಮನಿ... ಯಾರೂ ದೂರ ಸರಿ ಅನ್ನದ ಜಾಗ...' ಕನಸು ಕಾಣುವುದಕ್ಕೂ ಕೇರಿಯವರಿಗೆ ಅಂಜಿಕೆ. ಅಂಜುತ್ತಲೇ ಕಂಡಳು.

ಅಷ್ಟರಲ್ಲಿ ಮಲ್ಕಮ್ಮ ನೆಲೋಗಿಯ ಹುಲೆಪ್ಪನೆಂಬ ಹುಡುಗನನ್ನು ನೋಡಿ ಬಂದಳು. ಹೋಳಿ ಹುಣ್ಣಿಮೆಗೆ ಮಾತು ಮುಗಿಸಬೇಕು.

"ಹೂಂ ಅಂತಿಯೋ ಇಲ್ಲೋ?"

"ನಾಕ ದಿನ ತಡಿ ಯವ್ವಾ."

ನಾಲ್ಕು ದಿನ! ಅಷ್ಟರೊಳಗೆ ಅವಳು ಒಂದು ಇಡೀ ಜನ್ಮದ ನಿರ್ಧಾರ ಮಾಡಬೇಕಿತ್ತು. ನಡುಗಡ್ಡೆಗೆ ಹೋದರೆ ಅವ್ವನ ಮುಖ ಮತ್ತೆ ನೋಡುವಂತಿಲ್ಲ. ಹೋಗದಿದ್ದರೆ... ಅವನ ಮುಖ.

ಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ನಿಜಾಮುದ್ದೀನನ ಹರಗೋಲಿನಲ್ಲಿ ಕೂತು ದಾಟಿದಳು. ಜಗದೇವ ಒಂದು ತಿಂಗಳಿಂದ ಅಲ್ಲಿ ಒಬ್ಬನೇ ದುಡಿದಿದ್ದ. ಅಂಗೈಯೆಲ್ಲ ಬೊಬ್ಬೆ. ಚಿಕ್ಕ ಹುಡುಗನ ಹಾಗೆ ಅವಳ ಕೈ ಹಿಡಿದು ಎಳೆದಾಡಿದ.

"ಇಲ್ಲಿ ನೋಡು, ನಮ್ಮ ಗುಡಿಸಲಾ! ಇಲ್ಲಿ ನೋಡು, ನಿನ್ನ ಒಲಿ! ತಾಟು ಒಂದೇ ತಂದೇನಿ, ಇಬ್ರೂ ಒಂದರಾಗೇ ಉಣ್ಣೂಣು. ಕೌದಿನೂ ಒಂದೇ..." ಅಂದು ತಾನೇ ನಾಚಿದ.

ದ್ರೌಪದಿಯ ಕಣ್ಣು ತುಂಬಿದವು. ಒಂದೇ ತಾಟು! ಗೌಡರ ಮಗ ನನ್ನ ಜೊತೆ ಒಂದೇ ತಾಟಿನಲ್ಲಿ! 'ಬರ್ತೇನಿ' ಅನ್ನುವ ಮಾತು ತುಟಿಯ ತನಕ ಬಂದಿತ್ತು. ಆದರೆ ಗಂಟಲು ಒಣಗಿತ್ತು. ಒಂದು ಗುಟುಕು ನೀರು ಕುಡಿದು ಹೇಳೋಣವೆಂದು ಮರಳಿಗೆ ಇಳಿದಳು.

ಒರತೆ ಇತ್ತು. ಸುತ್ತ ಅಂದವಾಗಿ ಕಲ್ಲು ಜೋಡಿಸಿದ್ದ. ಬಗ್ಗಿ ಬೊಗಸೆ ಚಾಚಿದಳು. ಆಗ ಇಪ್ಪತ್ತು ಹೆಜ್ಜೆ ಕೆಳಗೆ, ಹರಿವಿನ ಕೆಳಗಡೆ, ಇನ್ನೊಂದು ಕುಣಿ ಕಂಡಿತು.

"ಅದ್ಯಾರಿಗ್ರಿ?"

"ಅದಾ? ಅದು ನಿಂ..."

ತಾನು ತೋಡಿದ್ದು ಏನೆಂದು ಅವನಿಗೆ ಆಗಷ್ಟೇ ಹೊಳೆಯಿತು.

ಚಾಚಿದ ಬೊಗಸೆಯನ್ನು ದ್ರೌಪದಿ ಹಿಂದಕ್ಕೆ ತೆಗೆದುಕೊಂಡಳು.

"ನಂದು," ಅಂದಳು.

"ಇಲ್ಲ... ದ್ರೌಪದಿ, ನಾ ವಿಚಾರ ಮಾಡಿ ತೋಡಿಲ್ಲ! ಸಣ್ಣಾಂವ ಇದ್ದಾಗಿಂದ ಅಪ್ಪನ ಜೋಡಿ ವರ್ತಿ ತೋಡಿಸೇನಿ. ಮ್ಯಾಲ ಒಂದು, ಕೆಳಗ ಒಂದು. ರೂಢಿ ಬೇ! ಕೈ... ಕೈ ತಾನೇ ತೋಡಿಬಿಡ್ತು!"

"ಮತ್ತ ತಾಟು?"

"ತಾಟು ನಾ ಮನಸಿನಿಂದ ತಂದೆ."

"ಹೌದು. ನಿನ್ನ ಮನಸು ಇಲ್ಲಿಗೆ ಬಂದದ. ನಿನ್ನ ಕೈ ಇನ್ನಾ ಊರಾಗೇ ಅದ." ಅವಳು ಎದ್ದು ನಿಂತಳು. "ನನ್ನ ಕೈ ಹಿಡದ್ರ ಮೈಲಿಗಿಲ್ಲ ನಿನಗ. ನಾ ನಿನ್ನ ನೀರು ಮುಟ್ಟಿದ್ರ ಮೈಲಿಗಿ. ಊರಾಗ ಬೈತಾರ, ಹೊಡೀತಾರ. ಆದ್ರ ಅವರ್ಯಾರೂ ಪ್ರೀತಿ ಮಾಡ್ತೇನಂತ ಹೇಳಂಗಿಲ್ಲ. ಒಯ್ಯಿ ನಿನ್ನ ನಡುಗಡ್ಡಿ!"

ಎಷ್ಟು ಬೇಡಿದರೂ ಬರದಿದ್ದ 'ನೀ' ಆ ದಿನ ಬಂದಿತ್ತು. ಬಂದ ರೀತಿ ಮಾತ್ರ ಯಾವ ಶತ್ರುವಿಗೂ ಬೇಡ.

ಮನೆಗೆ ಬಂದು ಅವ್ವನಿಗೆ ಹೇಳಿದಳು, "ನೆಲೋಗಿಗಿ ಹೂಂ ಅಂತ ಹೇಳಿ ಕಳಿಸು."

ಆದರೆ ಹರಗೋಲು ದಾಟಿದ್ದನ್ನು ನೋಡಿದ ಕಣ್ಣುಗಳಿದ್ದವು. ಊರ ಬಾಯಿಗೆ ಬಾಗಿಲಿಲ್ಲ! ಮೂರೇ ದಿನಕ್ಕೆ ಸುದ್ದಿ ನೆಲೋಗಿ ಮುಟ್ಟಿತು. ಗೌಡರ ಮಗನ ಜೊತೆ ಹೊಳೆ ದಾಟಿದವಳು ನಮಗೆ ಬೇಡ ಎಂದು ಹುಲೆಪ್ಪನ ಮನೆಯವರು ಹೇಳಿ ಕಳಿಸಿದರು. ಮಲ್ಲಣ್ಣಗೌಡ ಮಗನನ್ನು ಹುಡುಕಿ ಹೊಡೆಯಲಿಲ್ಲ. ಹೊಡೆದದ್ದು ಕೇರಿಗೆ. ಆ ಬೇಸಿಗೆ ಕೇರಿಯವರಿಗೆ ಕೂಲಿ ಬಂದ್, ಕೆಳಗಿನ ಘಾಟೂ ಒರತೆಯೂ ಬಂದ್. ಹೆಂಗಸರು ಎರಡು ಹರದಾರಿ ನಡೆದು ನೀರು ತರುವಂತಾಯಿತು.

"ನಿನ್ನ ಮಗಳ ದೆಸಿಂದ ಮಲ್ಕಮ್ಮ, ನಿನ್ನ ಮಗಳ ದೆಸಿಂದ!" ದಾರಿಯುದ್ದಕ್ಕೂ ಅದೇ ಮಾತು. ದ್ರೌಪದಿ ಕೊಡ ಹೊತ್ತು ತಲೆ ತಗ್ಗಿಸಿ ನಡೆದಳು. 'ಅಂವಾ ಕನಸ ಕಂಡ. ಬೆಲಿ ನಾವು ಕೊಡಾಕತ್ತೇವಿ...'

ಅವನನ್ನು ದ್ವೇಷಿಸಬೇಕು ಎಂದು ದಿನಾ ಅಂದುಕೊಂಡಳು. ಆಗಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು.

ರೋಹಿಣಿ ಮಳೆಯ ಮೋಡ ಕಟ್ಟುವ ಹೊತ್ತಿಗೆ ನಿಜಾಮುದ್ದೀನ ಓಡುತ್ತ ಬಂದ.

"ದ್ರೌಪದಕ್ಕ, ಅಂವಾ ಇನ್ನಾ ಆ ನಡುಗಡ್ಡಿ ಮ್ಯಾಲೇ ಅದಾನ. ಎರಡ ತಿಂಗಳ ಮ್ಯಾಲಾತು. ಜ್ವರ ಬಂದು ಮಲಗ್ಯಾನ. ಮ್ಯಾಲ ಮಳಿ ಆಗೇದ, ಹೊಳಿ ಬಣ್ಣ ತಿರಗೇದ, ಪೂರ ಬರ್ತದ. ಖುದಾನ ಆಣಿ, ಎಷ್ಟ ಕರದ್ರೂ ಬರವಲ್ಲ."

ದ್ರೌಪದಿ ಅವ್ವನ ಮುಖ ನೋಡಿದಳು. ಮಲ್ಕಮ್ಮ ನಾಲ್ಕು ರೊಟ್ಟಿ ಅರಿವೆಯಲ್ಲಿ ಕಟ್ಟಿದಳು.

"ಹೋಗು. ಬೈಯೋದಿದ್ರ ಬೈದು ಬಾ." ಗಂಟನ್ನು ಮಗಳ ಕೈಗಿಟ್ಟು ಬೇರೆ ಕಡೆ ತಿರುಗಿದಳು. "ಬರಬ್ಯಾಡ ಅನಿಸಿದ್ರ... ಬರಬ್ಯಾಡ. ಇಲ್ಲಿ ನಿನಗೇನು ಉಳದದ ಮಗಳೇ!"

ಹರಗೋಲು ದಡ ಮುಟ್ಟಿದಾಗ ಗುಡಿಸಲಿನ ಹೊರಗೆ ಜಗದೇವ ಬಿದ್ದುಕೊಂಡಿದ್ದ. ಎಲುಬಿನ ಹಂದರ! ಪಕ್ಕದ ತಂಬಿಗೆಯಲ್ಲಿ ಹಸಿರು ಪಾಚಿಯ ನೀರು.

"ಇದನ್ನ ಕುಡದಿ? ಹುಚ್ಚದಿಯೇನು? ವರ್ತಿ ಎಲ್ಲಿ?"

"ಎರಡೂ ಮುಚ್ಚಿದೆ."

"ಮತ್ತೊಂದು ತೋಡಬೇಕಿಲ್ಲೋ?"

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ಧೈರ್ಯ ಆಗಲಿಲ್ಲ ದ್ರೌಪದಿ. ಈ ಕೈ ಮ್ಯಾಲ ನಂಗ ನಂಬಿಕಿ ಇಲ್ಲ."

ಎರಡು ತಿಂಗಳು ಕಟ್ಟಿಟ್ಟ ಬೈಗುಳವೆಲ್ಲ ಅಲ್ಲೇ ಕರಗಿಹೋಯಿತು. ಕ್ಷಮಿಸಿದಳೇ? ಇಲ್ಲ. ಕೇರಿಯ ಹೆಂಗಸರ ಕಾಲಿನ ಬೊಬ್ಬೆ ಅವಳು ಮರೆಯುವವಳಲ್ಲ. ಆದರೂ ಸೆರಗು ಸಿಗಿಸಿ, ಮೊಣಕಾಲೂರಿ, ಎರಡೂ ಕೈಯಿಂದ ಮರಳು ತೆಗೆಯತೊಡಗಿದಳು. ಉಗುರು ಕಿತ್ತುಬಂದವು. ನೀರು ಜಿನುಗಿತು, ಮೊದಲು ಕೆಂಪು, ಆಮೇಲೆ ತಿಳಿ.

ಮೊದಲು ತಾನು ಕುಡಿದಳು. ಆಮೇಲೆ ಅದೇ ಬೊಗಸೆಯಲ್ಲಿ ಅವನ ಬಾಯಿಗೆ ಹಿಡಿದಳು.

ಅವನು ಕುಡಿದ. ಕುಡಿಯುತ್ತ ಅತ್ತ.

"ದ್ರೌಪದಿ... ನೀ ಇಲ್ಲದ ನಂಗ ಬದುಕಾಕ ಆಗಂಗಿಲ್ಲ."

"ಗೊತ್ತದ. ನಂಗೂ ಆಗವಲ್ತು. ಅದೇ ಸಂಕಟ."

ಹೊಳೆಯ ನೀರು ಮರಳನ್ನು ಏರುತ್ತಿತ್ತು. ಅವಳು ತೋಡಿದ ಒರತೆಯ ಅಂಚು ಕುಸಿಯತೊಡಗಿತು. ನಿಜಾಮುದ್ದೀನ ಹರಗೋಲಿನಿಂದ ಕೂಗಿದ, "ಜಲ್ದಿ ಬರ್ರಿ! ಯಾವ ದಂಡಿಗಿ?"

"ಆಚಿ ದಂಡಿಗಿ!" ಅಂದಳು ದ್ರೌಪದಿ. ಜಗದೇವನನ್ನು ಹೆಗಲಿಗೆ ಆನಿಸಿಕೊಂಡು ಎಬ್ಬಿಸಿದಳು. ತಾಟು ತೆಗೆದುಕೊಂಡಳು, ಕೌದಿ ತೆಗೆದುಕೊಂಡಳು. ನಡುಗಡ್ಡೆಯ ಕಡೆ ತಿರುಗಿ ನೋಡಲಿಲ್ಲ.

ಹರಗೋಲು ತಿರುಗುತ್ತ ಸಾಗಿತು. ಅವನು ಮೆಲ್ಲಗೆ ಕೇಳಿದ, "ಎಲ್ಲಿಗಿ?"

"ಸೊಲ್ಲಾಪುರ. ಗಿರಣಿ ಕೆಲಸ ಸಿಗ್ತದಂತ. ಅಲ್ಲಿ ಓಣಿಗೊಂದು ನಳ ಇರ್ತದಂತ. ಒಂದೇ ನಳಕ್ಕ ಎಲ್ಲಾರೂ ಪಾಳಿ ಹಚ್ಚತಾರಂತ."

"ಖರೇನಾ?"

"ಗೊತ್ತಿಲ್ಲ."

"ಖರೇ ಇಲ್ಲಂದ್ರ? ಅಲ್ಲೂ ಎರಡೇ ಇದ್ರ?"

ದ್ರೌಪದಿ ಸೆರಗಿನಿಂದ ಅವನ ಗಲ್ಲ ಒರೆಸಿದಳು.

"ಎರಡಿದ್ರ... ನನ್ನ ಪಾಳಿಯೊಳಗ, ನನ್ನ ಹಿಂದ ನಿಲ್ಲು."

"ನಿಲ್ತೇನಿ," ಅಂದ ಅವನು.